ಎದೆಯುರಿ, ಶುಗರ್ ಎರಡೂ ಇದ್ದವರಿಗೆ ತೂಕ ಇಳಿಸುವ ಹೊಟ್ಟೆಯ ಆಪರೇಷನ್‌ಗಳಲ್ಲಿ ಸ್ಲೀವ್ ಒಳ್ಳೆಯದೋ, ಬೈಪಾಸೋ?

ನೀವು ಬರೆದ ಪ್ರಕಾರ ನಿಮ್ಮ ಅಕ್ಕನಿಗೆ 38 ವರ್ಷ, ಎತ್ತರ 158 ಸೆಂ.ಮೀ., ತೂಕ 98 ಕೆಜಿ. 6 ವರ್ಷದಿಂದ ಶುಗರ್ ಇದೆ, ಇನ್ಸುಲಿನ್ ಇಲ್ಲ, ಮಾತ್ರೆ ಮೇಲೆ ಎಚ್‌ಬಿಎ1ಸಿ (ಸುಮಾರು 3 ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆ) 8.6%. ಮಲಗಿದರೆ ಎದೆಯುರಿ, ಹುಳಿತೇಗು. ಡಾಕ್ಟರು ಸ್ಲೀವ್ ಮಾಡೋಣ ಅಂದಿದ್ದಾರೆ, ನೆಂಟರೊಬ್ಬರು ಬೈಪಾಸ್ ಮಾಡಿಸಿ ಅನ್ನುತ್ತಿದ್ದಾರೆ.

ಆಪರೇಷನ್‌ಗೆ ದಿನ ಗೊತ್ತುಮಾಡುವ ಮೊದಲು ಒಂದು ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ಅನ್ನನಾಳ, ಹೊಟ್ಟೆ ನೋಡುವ ಪರೀಕ್ಷೆ) ಮಾಡಿಸಿ. ಈ ಕೇಸಿನಲ್ಲಿ ಯಾವುದು ಸರಿ ಅನ್ನುವುದನ್ನು ತೂಕಕ್ಕಿಂತ ಹೆಚ್ಚಾಗಿ ಆ ಎದೆಯುರಿಯೇ ಹೇಳುತ್ತದೆ.

ಸ್ಲೀವ್‌ನಲ್ಲಿ ಹೊಟ್ಟೆಯ ಹೊರಬದಿಯ ಸುಮಾರು 75–80% ಭಾಗವನ್ನು ಸ್ಟೇಪ್ಲರ್‌ನಿಂದ ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಬಾಳೆಹಣ್ಣಿನ ಆಕಾರದ ಕೊಳವೆ ಮಾತ್ರ ಉಳಿಯುತ್ತದೆ, ತೆಗೆದದ್ದನ್ನು ಮತ್ತೆ ಸೇರಿಸಲಾಗದು. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಹೀಗೆ ತೆಗೆದ ಭಾಗದಲ್ಲೇ, ಹಾಗಾಗಿ ಹಸಿವೂ ಇಳಿಯುತ್ತದೆ. ತೊಂದರೆ ಏನೆಂದರೆ, ಕಿರಿದಾದ ಕೊಳವೆಯೊಳಗೆ ಒತ್ತಡ ಏರಿ ಆಸಿಡ್ ಮೇಲಕ್ಕೆ ನುಗ್ಗುತ್ತದೆ. ಮೊದಲೇ ಎದೆಯುರಿ ಇದ್ದವರಿಗೆ ಅದು ಜೋರಾಗಬಹುದು, ಇಲ್ಲದವರಿಗೂ ಹೊಸದಾಗಿ ಶುರುವಾಗಬಹುದು.

ಬೈಪಾಸ್‌ನಲ್ಲಿ ಹೊಟ್ಟೆಯ ಮೇಲ್ತುದಿಯಲ್ಲಿ ಸುಮಾರು 30 ಎಂಎಲ್‌ನ ಪುಟ್ಟ ಚೀಲ ಮಾಡಿ ಸಣ್ಣ ಕರುಳನ್ನು ನೇರವಾಗಿ ಅದಕ್ಕೆ ಜೋಡಿಸುತ್ತಾರೆ. ಆ ಚೀಲದಲ್ಲಿ ಆಸಿಡ್ ತೀರಾ ಕಡಿಮೆ. ಎಂಡೋಸ್ಕೋಪಿಯಲ್ಲಿ ಅನ್ನನಾಳ ಹುಣ್ಣಾಗಿದ್ದರೆ ಅಥವಾ ದೊಡ್ಡ ಹಯಾಟಸ್ ಹರ್ನಿಯಾ (ಹೊಟ್ಟೆಯ ಮೇಲ್ತುದಿ ಎದೆಗೂಡಿನೊಳಗೆ ಜಾರಿರುವುದು) ಇದ್ದರೆ ನಾನು ಬೈಪಾಸ್ ಪರ. ಎರಡೂ ಇಲ್ಲದಿದ್ದರೆ ಸ್ಲೀವ್ ಬಗ್ಗೆ ಮಾತಾಡಬಹುದು. ಒಂದೇ ಜೋಡಣೆಯ ಮಿನಿ ಬೈಪಾಸ್‌ನಲ್ಲಿ ಪಿತ್ತ ಹೊಟ್ಟೆಯ ಚೀಲಕ್ಕೆ ವಾಪಸ್ ಬರುವ ಸಾಧ್ಯತೆ ಇರುವುದರಿಂದ ಎದೆಯುರಿ ಇರುವವರಿಗೆ ಅದು ನನ್ನ ಮೊದಲ ಆಯ್ಕೆ ಅಲ್ಲ.

ತೂಕ ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಸ್ಲೀವ್‌ನಲ್ಲಿ 25%, ಬೈಪಾಸ್‌ನಲ್ಲಿ 30% ಆಸುಪಾಸು ಇಳಿಯುತ್ತದೆ. 98 ಕೆಜಿ ಇರುವವರು 70ರ ಹತ್ತಿರ ಬಂದು ನಿಲ್ಲಬಹುದು. ಶುಗರ್ ವಿಷಯದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸ್ಟಾಂಪೀಡ್ ಅಧ್ಯಯನ ನೋಡಿ: 5 ವರ್ಷದ ನಂತರ ಎಚ್‌ಬಿಎ1ಸಿ 6ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇದ್ದವರು ಬೈಪಾಸ್ ಗುಂಪಿನಲ್ಲಿ 29%, ಸ್ಲೀವ್‌ನಲ್ಲಿ 23%, ಬರೀ ಔಷಧಿಯಲ್ಲಿ 5%. ಅಂದರೆ ಲಾಭ ದೊಡ್ಡದು, ಆದರೆ ಎಲ್ಲರಿಗೂ ಶುಗರ್ ಪೂರ್ತಿ ಹೋಗುವುದಿಲ್ಲ. ಕಾಯಿಲೆ ಶುರುವಾಗಿ ಹೆಚ್ಚು ವರ್ಷ ಆಗಿಲ್ಲದಿರುವುದು, ಇನ್ಸುಲಿನ್ ಬೇಕಾಗದಿರುವುದು ಅಕ್ಕನಿಗೆ ಅನುಕೂಲ. ಬಿಪಿ, ಗೊರಕೆ ಜೊತೆಗಿನ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವುದು), ಕೊಬ್ಬಿನ ಲಿವರ್ ಇದ್ದರೆ ಅವೂ ಸುಧಾರಿಸುತ್ತವೆ. ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ ಮುಂಚೆಯೇ ಡಾಕ್ಟರ ಹತ್ತಿರ ಕೇಳಿ. ಆಪರೇಷನ್ ಆದ ಕೂಡಲೇ ಊಟ ಇಳಿಯುವುದರಿಂದ ಹಳೆಯ ಡೋಸನ್ನೇ ಮುಂದುವರಿಸಿದರೆ ಶುಗರ್ ಒಮ್ಮೆಲೇ ಕುಸಿಯಬಹುದು.

ಅಕ್ಕನ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 39 ಬರುತ್ತದೆ. ಇನ್ಶೂರೆನ್ಸ್ ಪಾಲಿಸಿಗಳಲ್ಲಿ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಗದಿ ಮಾಡಿರುವ ಷರತ್ತು ಬಿಎಂಐ 40, ಅಥವಾ ಹತೋಟಿಗೆ ಬಾರದ ಟೈಪ್ 2 ಶುಗರ್‌ನಂಥ ಕಾಯಿಲೆ ಜೊತೆಗಿದ್ದರೆ 35. ಬೇರೆ ವಿಧಾನದಲ್ಲಿ ತೂಕ ಇಳಿದಿಲ್ಲ ಅನ್ನುವುದಕ್ಕೆ ದಾಖಲೆಯನ್ನೂ ಕೇಳುತ್ತಾರೆ. ಹಳೆಯ ಎಚ್‌ಬಿಎ1ಸಿ ರಿಪೋರ್ಟು, ಡಯಟಿಷಿಯನ್ ಚೀಟಿಗಳನ್ನು ಎಸೆಯಬೇಡಿ.

ಆಪರೇಷನ್ ಆದ ಮೇಲೆ ಜನ ಎಡವುವುದು ಊಟದಲ್ಲಿ. ಮೊದಲ ದಿನಗಳಲ್ಲಿ 15 ನಿಮಿಷಕ್ಕೊಮ್ಮೆ 30 ಎಂಎಲ್, ಅಂದರೆ 2 ದೊಡ್ಡ ಚಮಚದಷ್ಟು ಗುಟುಕರಿಸಬೇಕು. ಕಾಫಿ ಲೋಟ ಎತ್ತಿ ಗಟಗಟ ಕುಡಿದರೆ ವಾಂತಿ. ಸುಮಾರು 2 ವಾರ ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು. ನೀರು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು. ದಿನಕ್ಕೆ 60–80 ಗ್ರಾಂ ಪ್ರೋಟೀನ್ ಬೇಕು, ಸಸ್ಯಾಹಾರಿಗಳು ಸೋಲುವುದು ಇಲ್ಲೇ. ರಾಗಿಗಂಜಿ ಒಳ್ಳೆಯದು, ಆದರೆ 100 ಗ್ರಾಂ ರಾಗಿಹಿಟ್ಟಿನಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಅಷ್ಟೇ. ತಟ್ಟೆಯಲ್ಲಿ ಮೊದಲು ಪನ್ನೀರು, ಗಟ್ಟಿ ಮೊಸರು, ಬೇಯಿಸಿದ ಹೆಸರುಬೇಳೆ. ಅನ್ನ, ಮುದ್ದೆ ಕೊನೆಗೆ. ಸಾಲದಿದ್ದರೆ ವೇ ಪೌಡರ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ). ಬೈಪಾಸ್ ಆದವರು ಮೈಸೂರ್ ಪಾಕ್, ಪಾಯಸ ತಿಂದರೆ ಬೆವರು, ಎದೆಬಡಿತ, ಭೇದಿ ಬರಬಹುದು.

ಬಿ12, ಕಬ್ಬಿಣ, ವಿಟಮಿನ್ ಡಿ, ಕ್ಯಾಲ್ಸಿಯಂ ಜೀವನಪೂರ್ತಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳ ನಡುವೆ 2 ಗಂಟೆ ಅಂತರ ಇರಲಿ. ದಯವಿಟ್ಟು ಈ ಮಾತ್ರೆಗಳನ್ನು ನಿಲ್ಲಿಸಲು ಬಿಡಬೇಡಿ: ಬಿ12 ಕೊರತೆ ಸದ್ದಿಲ್ಲದೆ ನರಗಳನ್ನು ಹಾಳುಮಾಡುತ್ತದೆ. ಬೈಪಾಸ್ ಆದವರು ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬಾರದು, ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು. ಸಿಗರೇಟಿನಿಂದಲೂ ಅದೇ ಅಪಾಯ. 12–18 ತಿಂಗಳು ಗರ್ಭಧಾರಣೆ ಬೇಡ. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುವುದರಿಂದ ಗರ್ಭನಿರೋಧಕದ ಬಗ್ಗೆ ಮೊದಲೇ ಕೇಳಿಕೊಳ್ಳಿ.

ಮನೆಗೆ ಬಂದ ಮೇಲೆ ನಾಡಿ 120 ದಾಟಿದರೆ, ಜ್ವರ ಬಂದರೆ, ಹೊಟ್ಟೆನೋವಿನ ಜೊತೆ ಎಡಭುಜ ನೋಯತೊಡಗಿದರೆ ಸ್ಟೇಪಲ್ ಸಾಲು ಸೋರುತ್ತಿರಬಹುದು. ಗ್ಯಾಸ್ ಅಂತ ಬೆಳಗಿನವರೆಗೆ ಕಾಯದೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಹೊರಡಿ. ಬೆಂಗಳೂರಿನ ಟ್ರಾಫಿಕ್ ಗೊತ್ತಲ್ಲ, ಆಸ್ಪತ್ರೆ ಆರಿಸುವಾಗ ನಿಮ್ಮ ಮನೆಯಿಂದ ಎಷ್ಟು ಬೇಗ ತಲುಪಬಹುದು, ರಾತ್ರಿ ಹೊತ್ತು ಬೇರಿಯಾಟ್ರಿಕ್ (ತೂಕ ಇಳಿಸುವ ಆಪರೇಷನ್ ಮಾಡುವ) ತಂಡದವರು ಸಿಗುತ್ತಾರಾ ಅನ್ನುವುದನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.