ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆಯೇ?

ಪ್ರಶ್ನೆ: ನನಗೀಗ ಐದು ತಿಂಗಳು. ಆಸ್ಪತ್ರೆಯಲ್ಲಿ ಕೊಟ್ಟ ಕೆಂಪು ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗಿದೆ. ಮಗುವೂ ಕಪ್ಪಾಗುತ್ತದೆ, ಬಿಟ್ಟುಬಿಡು ಎನ್ನುತ್ತಾರೆ ಅತ್ತೆ. ಏನು ಮಾಡಲಿ?

ಉತ್ತರ: ದಯವಿಟ್ಟು ಬಿಡಬೇಡಿ. ಮಗುವಿನ ಬಣ್ಣ ಬರುವುದು ತಂದೆತಾಯಿಯರಿಂದ, ಮಾತ್ರೆಯಿಂದಲ್ಲ. ಇದನ್ನು ಅತ್ತೆಯವರಿಗೂ ಸಮಾಧಾನದಿಂದ ತಿಳಿಸಿ. ಮೈಗೆ ಹತ್ತದೆ ಉಳಿದ ಕಬ್ಬಿಣ ಹೊರಹೋಗುವಾಗ ಮಲ ಕಪ್ಪಾಗುತ್ತದೆ, ಅಷ್ಟೇ. ಆದರೆ ಅದು ಡಾಂಬರಿನಂತೆ ಅಂಟಂಟಾಗಿ, ತೀರಾ ದುರ್ವಾಸನೆಯಿದ್ದರೆ, ಇಲ್ಲವೇ ತಲೆಸುತ್ತು ಬಂದರೆ ತಕ್ಷಣ ವೈದ್ಯರಿಗೆ ತೋರಿಸಿ.

ಆ ಮಾತ್ರೆಯಲ್ಲಿ ಸಾಮಾನ್ಯವಾಗಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ದಿನಕ್ಕೊಂದರಂತೆ ಬಸುರಿನಲ್ಲಿ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಪ್ರಮಾಣವನ್ನು ವೈದ್ಯರೇ ಹೇಳುತ್ತಾರೆ.

ಖಾಲಿ ಹೊಟ್ಟೆಯಲ್ಲಿ ನುಂಗಿದರೆ ತೊಳಸುವುದು ಹೆಚ್ಚು. ರಾತ್ರಿ ಊಟವಾದ ಮೇಲೆ, ಮಲಗುವ ಮುನ್ನ ನುಂಗಿ. ಹೀರಿಕೆ ತುಸು ಕಡಿಮೆಯಾದರೂ ಬಿಡುವುದಕ್ಕಿಂತ ಎಷ್ಟೋ ಮೇಲು. ನಿಂಬೆ ಪಾನಕದ ಜೊತೆಗಾದರೆ ಚೆನ್ನಾಗಿ ಹಿಡಿಯುತ್ತದೆ. ಕಾಫಿ, ಟೀ ಮಾತ್ರ ಹಿಂದೆಮುಂದೆ ಒಂದು ಗಂಟೆ ಬೇಡ, ಅವು ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಮಲಬದ್ಧತೆಗೆ ನೀರು, ಸೊಪ್ಪು, ಸೀಬೆಹಣ್ಣು.