ಹಾಜರಾತಿ ಬೇಡ ಅನ್ನುವ ಕಾಲೇಜು

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಹಳ್ಳಿಯವಳು. ದ್ವಿತೀಯ ಪಿಯು ಕಲಾ ವಿಭಾಗದಲ್ಲಿ ಶೇ 68 ಬಂದಿದೆ. ಪ್ರೈಮರಿ ಶಾಲೆ ಟೀಚರ್ ಆಗಬೇಕು ಅನ್ನುವುದು ಚಿಕ್ಕಂದಿನ ಆಸೆ, ಅದಕ್ಕೆ ಬೇಕಾದ ಶಿಕ್ಷಕ ಡಿಪ್ಲೊಮಾ ಡಿ.ಎಲ್.ಇಡಿ ಸೇರಬೇಕೆಂದಿದ್ದೇನೆ. ಹತ್ತಿರದಲ್ಲೇ ಒಂದು ಖಾಸಗಿ ಕಾಲೇಜಿದೆ. ಹೋಗಿ ವಿಚಾರಿಸಿದರೆ, "ದಿನಾ ಬರಬೇಕಾಗಿಲ್ಲಮ್ಮ, ಪರೀಕ್ಷೆಗೆ ಬಂದರೆ ಸಾಕು, ಹಾಜರಾತಿ ನಾವು ನೋಡ್ಕೋತೀವಿ" ಅಂದರು. ಅಪ್ಪನಿಗೆ ಅದೇ ಸರಿ ಅನ್ನಿಸಿದೆ. ಮನೆಗೆಲಸಕ್ಕೂ ಆಗುತ್ತೆ, ಕಬ್ಬಿನ ಬಿಲ್ಲು ಬಂದಮೇಲೆ ಫೀಸು ಕಟ್ಟಿದರಾಯ್ತು ಅನ್ನುತ್ತಾರೆ. ಸೋದರಮಾವ ಮಾತ್ರ ಮಂಡ್ಯ ಇಲ್ಲವೇ ಮೈಸೂರಿನ ಡಯಟ್‌ಗೆ, ಅಂದರೆ ಜಿಲ್ಲೆಯ ಸರ್ಕಾರಿ ಶಿಕ್ಷಕ ತರಬೇತಿ ಸಂಸ್ಥೆಗೆ, ಪ್ರಯತ್ನಿಸು ಅನ್ನುತ್ತಾರೆ. ಯಾರ ಮಾತು ಕೇಳಲಿ?
(ಹೆಸರು ಬೇಡ)

ಉತ್ತರ: ಮಾವನ ಮಾತು ಕೇಳಮ್ಮ. ನಿಮ್ಮಪ್ಪನ ಮೇಲೆ ನನಗೇನೂ ಕೋಪವಿಲ್ಲ. ಹೊಲ ನೆಚ್ಚಿಕೊಂಡವರು ಮೊದಲು ಖರ್ಚಿನ ಲೆಕ್ಕವನ್ನೇ ಹಾಕಬೇಕು, ಹಾಕಿದ್ದಾರೆ. ಆದರೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಿನಗೆ ಟಿಕೆಟ್ಟಿಗೆ ದುಡ್ಡಿಲ್ಲ. ಅದನ್ನೂ ಅವರ ಲೆಕ್ಕಕ್ಕೆ ಸೇರಿಸು.

"ಹಾಜರಾತಿ ನಾವು ನೋಡ್ಕೋತೀವಿ." ಈ ಮಾತನ್ನು ಓದಿದಾಗ ನನಗೆ ನನ್ನ ರೆಕಾರ್ಡ್ ಪುಸ್ತಕ ನೆನಪಾಯಿತು. ನಾನು ಓದುವಾಗ ಇದಕ್ಕೆ ಟಿಸಿಎಚ್ ಅನ್ನುತ್ತಿದ್ದರು, ಆಮೇಲೆ ಡಿ.ಇಡಿ ಆಯಿತು, ಈಗ ಡಿ.ಎಲ್.ಇಡಿ. ನಾನು ಸೇರಿದ್ದ ಕಾಲೇಜಿನ ಹೆಸರು ಇಲ್ಲಿ ಬೇಡ. ಅಲ್ಲಿ ಒಬ್ಬೊಬ್ಬರೂ ನಲವತ್ತು ಪಾಠ ಮಾಡಿ, ನಲವತ್ತಕ್ಕೂ ಪಾಠಯೋಜನೆ ಬರೆಯಬೇಕಿತ್ತು. ನಾನು ನಿಜವಾಗಿ ಮಕ್ಕಳ ಮುಂದೆ ನಿಂತದ್ದು ಒಂಬತ್ತು ಸಲ. ಉಳಿದ ಮೂವತ್ತೊಂದನ್ನು ಹಾಸ್ಟೆಲಿನ ಚಾಪೆ ಮೇಲೆ ಕೂತು, ಸೀನಿಯರ್ ಒಬ್ಬಳ ರೆಕಾರ್ಡ್ ನೋಡಿಕೊಂಡು ಇಳಿಸಿದೆ. ಎಲ್ಲಕ್ಕೂ ಕೆಂಪಿಂಕಿನ ಸಹಿ ಬಿತ್ತು. ಒಂದರ ಕೆಳಗೆ ಮೇಷ್ಟ್ರು "ಮಕ್ಕಳು ಉತ್ಸಾಹದಿಂದ ಉತ್ತರಿಸಿದರು" ಅಂತ ಬೇರೆ ಬರೆದಿದ್ದರು. ಯಾವ ಮಕ್ಕಳೋ! ಆವತ್ತು ನಾವೆಲ್ಲ ನಕ್ಕಿದ್ದೇ ನಕ್ಕಿದ್ದು.

ನಗು ನಿಂತದ್ದು ಕೆಲಸ ಸಿಕ್ಕಮೇಲೆ. ಎಚ್.ಡಿ. ಕೋಟೆ ಕಡೆಯ ಏಕೋಪಾಧ್ಯಾಯ ಶಾಲೆ, ಒಂದೇ ಕೋಣೆಯಲ್ಲಿ ಒಂದರಿಂದ ನಾಲ್ಕನೇ ಕ್ಲಾಸಿನ ಮೂವತ್ತನಾಲ್ಕು ಮಕ್ಕಳು. ಹಾಡು, ಕಥೆ, ಎಣಿಕೆ, ನನಗೆ ಗೊತ್ತಿದ್ದದ್ದೆಲ್ಲ ಹನ್ನೊಂದು ಗಂಟೆಯೊಳಗೆ ಖಾಲಿ. ಒಂದನೇ ಕ್ಲಾಸಿನವರಿಗೆ ಬೋರ್ಡಿನ ಮೇಲೆ 'ಅ' ಬರೆದುಕೊಟ್ಟು ನಾಲ್ಕನೆಯವರ ಕಡೆ ತಿರುಗಿದೆ. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗ ಸೆರಗು ಜಗ್ಗಿ ಸ್ಲೇಟು ತೋರಿಸಿದ. ಎರಡು ಸೊನ್ನೆ ಬರೆದು ನಡುವೆ ಗೆರೆ ಎಳೆದಿದ್ದ. ಅಕ್ಷರವಲ್ಲ, ಕನ್ನಡಕ. "ಬರ್ದೆ ಮಿಸ್ಸೇ, ಈಗೇನ್ ಮಾಡ್ಲಿ?" ಅಂದ. ಅವನು ಈಗೇನು ಮಾಡಬೇಕು ಅನ್ನುವುದು ನನ್ನ ನಲವತ್ತು ಪಾಠಯೋಜನೆಗಳಲ್ಲಿ ಒಂದರಲ್ಲೂ ಇರಲಿಲ್ಲ. ಕೈ ಹಿಡಿದು ಬರೆಸಿದೆ. ಮರುದಿನ ಮತ್ತೆ ಕನ್ನಡಕ. ಆ ವರ್ಷವೆಲ್ಲ ನಾನು ಕಲಿತೆ, ಆ ಮಕ್ಕಳು ನನ್ನ ಅಭ್ಯಾಸ ಪುಸ್ತಕವಾದರು. ಅವರಿಗೆ ಒಂದನೇ ಕ್ಲಾಸು ಎರಡು ಸಲ ಬರುವುದಿಲ್ಲವಲ್ಲ.

ಆ ಕನ್ನಡಕದ ಗುಟ್ಟು ತಿಳಿದದ್ದು ಎಷ್ಟೋ ವರ್ಷದ ಮೇಲೆ, 1995ರಲ್ಲಿ ಅದೇ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ, ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ, ಶುರುವಾದಾಗ. ಅದರಲ್ಲಿ ಮಗು ಮೊದಲು ಕಲಿಯುವುದು ಅ, ಆ, ಇ, ಈ ಅಲ್ಲ. ರ, ಗ, ಸ, ದ, ಆಮೇಲೆ ಅ. ಬರೆಯಲು ಸುಲಭವಾದ ಆಕಾರದಿಂದ ಹಿಡಿದು, ಒಂದರ ತಿರುವು ಇನ್ನೊಂದಕ್ಕೆ ಒದಗುವಂತೆ ಜೋಡಿಸಿದ್ದಾರೆ. ಐದನೆಯದಾಗಿ 'ಅ' ಬರುವ ಹೊತ್ತಿಗೆ ಬೆರಳು ಪಳಗಿರುತ್ತದೆ. ಆ ಹುಡುಗನ ಕೈಗೆ ನಾನು ಮೊದಲ ದಿನವೇ ಐದನೇ ಮೆಟ್ಟಿಲು ಹತ್ತಿಸಲು ಹೋಗಿದ್ದೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಕಾಲೇಜು ಪರೀಕ್ಷೆ ಮಾಡಲು ನಿನಗೊಂದು ಪ್ರಶ್ನೆ ಸಿಕ್ಕಿತು. ಯಾವುದೇ ಕಾಲೇಜಿಗೆ ಹೋದರೂ ಆಫೀಸಿಗೆ ಆಮೇಲೆ ಹೋಗು. ಮೊದಲು ಗೇಟಿನ ಹತ್ತಿರ ಎರಡನೇ ವರ್ಷದ ಒಂದಿಬ್ಬರನ್ನು ಮಾತಿಗೆಳೆದು, "ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಮೊದಲು ಯಾವ ಅಕ್ಷರ ಹೇಳಿಕೊಡ್ತಾರೆ?" ಅಂತ ಕೇಳು. ರ, ಗ, ಸ ಅಂದರೆ ಅವರು ಶಾಲೆ ಮೆಟ್ಟಿಲು ಹತ್ತಿದ್ದಾರೆ. ಅ, ಆ ಅಂದರೆ ಇನ್ನೆರಡು ಪ್ರಶ್ನೆ ಕೇಳು. ಯಾವ ಶಾಲೆಗೆ ಕಳಿಸುತ್ತಾರೆ? ಪಾಠ ಮಾಡುವಾಗ ಹಿಂದೆ ಕೂತು ನೋಡುವವರು ಯಾರು? ಗೇಟಿನಲ್ಲಿ ಮಾತಾಡಿಸಲು ಎರಡನೇ ವರ್ಷದವರು ಯಾರೂ ಸಿಗಲೇ ಇಲ್ಲ ಅಂದರೆ ಇನ್ನೂ ಒಳ್ಳೆಯದು, ಉತ್ತರ ಬೇಗ ಸಿಕ್ಕಿತು.

ನಿಯಮದ ಮಾತೂ ಕೇಳಿಬಿಡು. ಶಿಕ್ಷಕ ತರಬೇತಿಗೆ ನಿಯಮ ಮಾಡುವ ಕೇಂದ್ರದ ಮಂಡಳಿ ಎನ್‌ಸಿಟಿಇಯ 2014ರ ನಿಯಮಾವಳಿಯಂತೆ ಇದು ಎರಡು ವರ್ಷದ ಕೋರ್ಸು, ವರ್ಷಕ್ಕೆ 200 ಕೆಲಸದ ದಿನ. ತರಗತಿಗೆ ಶೇ 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಾತಿ ಕಡ್ಡಾಯ. ಎರಡು ವರ್ಷ ಸೇರಿ 20 ವಾರ ಶಾಲೆಗೇ ಮೀಸಲು. ಹಾಜರಾತಿ ನೋಡಿಕೊಳ್ಳುತ್ತೇವೆ ಅನ್ನುವವರು ನಿನ್ನಿಂದ ಕಿತ್ತುಕೊಳ್ಳುವುದು ಈ 20 ವಾರವನ್ನು. ಫೀಸು ಕೊಟ್ಟು ಯಾರಾದರೂ ಇದನ್ನು ಕಳೆದುಕೊಳ್ಳುತ್ತಾರೆಯೇ? ಮದುವೆ ಮನೆಗೆ ಮುಯ್ಯಿ ಕೊಟ್ಟು ಊಟ ಮಾಡದೆ ಬಂದ ಹಾಗೆ. ಖಾಸಗಿ ಎಂದ ಮಾತ್ರಕ್ಕೆ ಕೆಟ್ಟದ್ದು ಅನ್ನುತ್ತಿಲ್ಲ. ಚೆನ್ನಾಗಿ ನಡೆಸುವ ಅನುದಾನಿತ, ಖಾಸಗಿ ಕಾಲೇಜುಗಳನ್ನು ಕಂಡಿದ್ದೇನೆ. ಎಲ್ಲಿ ಸೇರಿದರೂ ದುಡ್ಡು ಕಟ್ಟುವ ಮುಂಚೆ ಎನ್‌ಸಿಟಿಇ ಮಾನ್ಯತೆಯ ಆದೇಶದ ಪ್ರತಿ ಕೇಳು, ಅದರಲ್ಲಿರುವ ಕಾಲೇಜಿನ ಹೆಸರು, ವಿಳಾಸ ಬೋರ್ಡಿನ ಮೇಲಿರುವುದೇನಾ ನೋಡು. ತೋರಿಸಲು ಹಿಂದೇಟು ಹಾಕಿದರೆ ಕಾಫಿ ಕುಡಿದು ಎದ್ದು ಬಾ.

ಮಂಡ್ಯವೋ ಮೈಸೂರೋ? ಸರ್ಕಾರಿ ಸೀಟು ಸಿಗುವುದು ಪಿಯು ಅಂಕದ ಮೆರಿಟ್ ಮೇಲೆ, ಕೇಂದ್ರೀಕೃತ ದಾಖಲಾತಿಯಲ್ಲಿ. ಆದ್ದರಿಂದ ಎರಡನ್ನೂ ಬರೆ, ಮನೆಯಿಂದ ದಿನಾ ಹೋಗಿಬರಲು ಆಗುವುದನ್ನು ಮೇಲೆ ಹಾಕು. ಮೈಸೂರಿನ ಡಯಟ್ ಇರುವುದು ವಸಂತ ಮಹಲ್‌ನಲ್ಲಿ. ಅರಮನೆಯಲ್ಲಿ ಓದಿದೆ ಅಂತ ಮುಂದೆ ಮೊಮ್ಮಕ್ಕಳ ಹತ್ತಿರ ಜಂಬ ಕೊಚ್ಚಬಹುದು, ಅದೊಂದು ಹೆಚ್ಚಿನ ಲಾಭ. ಆದರೆ ಅದಕ್ಕೋಸ್ಕರ ಎರಡು ಬಸ್ಸು ಬದಲಾಯಿಸಬೇಡ. ಮಾನಸಗಂಗೋತ್ರಿಯ ಆರ್‌ಐಇ (ಪ್ರಾದೇಶಿಕ ಶಿಕ್ಷಣ ಸಂಸ್ಥೆ) ಅಂತಲೂ ಯಾರಾದರೂ ಹೇಳಿಯಾರು. 1963ರಿಂದ ಇರುವ ದೊಡ್ಡ ಸಂಸ್ಥೆ, ಆದರೆ ಅದು ಪದವಿಯ ಹಾದಿ, ಪ್ರವೇಶವೂ ಬೇರೆ ರೀತಿ.

ಅಪ್ಪನಿಗೆ ಇಷ್ಟು ಹೇಳು: ಡಿಪ್ಲೊಮಾ ಕೈಗೆ ಬಂದಮೇಲೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಇದೆ. 150 ಪ್ರಶ್ನೆ, ಸಾಮಾನ್ಯ ವರ್ಗಕ್ಕೆ 90 ಅಂಕ ಬೇಕು. ಮೊದಲ ಪತ್ರಿಕೆಯಲ್ಲಿ ಮಗುವಿನ ವಿಕಾಸ ಮತ್ತು ಬೋಧನೆಯ ಮೇಲೇ 30 ಪ್ರಶ್ನೆ. ಆವತ್ತು ಕಾಲೇಜಿನವರು ಬಂದು ನೋಡ್ಕೊಳ್ಳುವುದಿಲ್ಲ.

ಪ್ರಶ್ನೆ: ಬಿ.ಎ., ಬಿ.ಇಡಿ ಮಾಡಿ ಮದ್ದೂರಿನಲ್ಲಿ ಖಾಸಗಿ ಶಾಲೆಯಲ್ಲಿದ್ದೇನೆ. ಒಂದರಿಂದ ಐದನೇ ತರಗತಿಯ ಸರ್ಕಾರಿ ಹುದ್ದೆಗೆ ಬಿ.ಇಡಿ ಸಾಕು ಅಂತ ಕೋಚಿಂಗ್‌ನವರು ಹೇಳುತ್ತಿದ್ದಾರೆ, ನಿಜವೇ?

ಉತ್ತರ: ಸಾಲದು. 2018ರಲ್ಲಿ ಎನ್‌ಸಿಟಿಇ ಆ ಬಾಗಿಲು ತೆರೆದಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಮುಚ್ಚಿತು. ನಿಮ್ಮ ಓದು ಒದಗುವುದು ಆರರಿಂದ ಎಂಟನೇ ತರಗತಿಗೆ, ಅದಕ್ಕೆ ಟಿಇಟಿ ಎರಡನೇ ಪತ್ರಿಕೆ ಬರೆಯಿರಿ. 2022ರಲ್ಲಿ ಕರೆದ 15,000 ಹುದ್ದೆಗಳು ಆ ಹಂತದವೇ ಆಗಿದ್ದವು. ಕೋಚಿಂಗ್ ಫೀಸು ಇನ್ನೂ ಬಾಕಿ ಇದ್ದರೆ ಬಾಕಿಯೇ ಇರಲಿ.

ಪ್ರಶ್ನೆ: ನಂಜನಗೂಡಿನ ಹುಡುಗ ನಾನು. ಡಿ.ಎಲ್.ಇಡಿಗೆ ಸೇರುತ್ತೇನೆ ಅಂದರೆ ಗೆಳೆಯರು ನಗುತ್ತಾರೆ. 2030ಕ್ಕೆ ಟೀಚರ್ ಆಗಲು ಬಿ.ಇಡಿ ಸೇರಿಸಿದ ನಾಲ್ಕು ವರ್ಷದ ಪದವಿಯೇ ಬೇಕಾಗುತ್ತದಂತೆ. ಎರಡು ವರ್ಷ ದಂಡವಾಗುತ್ತದೆಯೇ?

ಉತ್ತರ: 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹಾಗೆ ಹೇಳಿರುವುದು ನಿಜ. ಮನೆಯಲ್ಲಿ ಅನುಕೂಲವಿದ್ದು, ನಾಲ್ಕು ವರ್ಷ ಓದಿಸುವ ಶಕ್ತಿ ಇದ್ದರೆ ಆ ಪದವಿಯನ್ನೇ ನೋಡಪ್ಪ. ಎರಡು ವರ್ಷಕ್ಕೆ ದುಡಿಯಲೇಬೇಕು ಅನ್ನುವ ಮನೆಯಾದರೆ ಡಿಪ್ಲೊಮಾ ಮಾಡು. ಆಮೇಲೆ ಕೆಲಸ ಮಾಡಿಕೊಂಡೇ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ಕಟ್ಟು. ಡಿಪ್ಲೊಮಾ ಜೊತೆಗೆ ಪದವಿ ಇದ್ದರೆ ಆರರಿಂದ ಎಂಟರ ಹುದ್ದೆಗೂ ಅರ್ಜಿ ಹಾಕಬಹುದು. ನಗುವವರ ವಿಷಯಕ್ಕೆ ಬಂದರೆ, ನಮ್ಮ ಕ್ಲಸ್ಟರಿನಲ್ಲಿ ಒಂದನೇ ಕ್ಲಾಸಿನ ನಲಿ-ಕಲಿಗೆ ಎಲ್ಲರೂ ಕೇಳಿ ಹಾಕಿಸಿಕೊಳ್ಳುತ್ತಿದ್ದ ಮೇಷ್ಟ್ರು ಒಬ್ಬರಿದ್ದರು, ಆರಡಿ ಆಳು. ಮಕ್ಕಳು ಬರೆಯಲೆಂದು ಗೋಡೆಯ ಕೆಳಭಾಗದಲ್ಲಿರುವ ಬೋರ್ಡಿನ ಹತ್ತಿರ ಮಕ್ಕಳ ಜೊತೆ ಮಂಡಿ ಊರಿ ಕೂತು ಬರೆಸುತ್ತಿದ್ದರು. ಅವರ ಎಲ್ಲ ಪ್ಯಾಂಟೂ ಮಂಡಿಯ ಹತ್ತಿರ ಬೆಳ್ಳಗಾಗಿರುತ್ತಿತ್ತು.