ಮಂಡಿ ಚೀಟಿ ಮಗಳ ಕೈಗೆ ಕೊಡಿ

ಕೋಲಾರ ತಾಲ್ಲೂಕಿನ ಹಳ್ಳಿಯಿಂದ ಒಬ್ಬ ತಾಯಿ ಬರೆದಿದ್ದಾರೆ. ಮಗಳು ಐದನೇ ಕ್ಲಾಸು. ಭಾಗಾಕಾರ ಅಂದರೆ ಸಾಕು, ಹೊಟ್ಟೆನೋವು ಶುರು. ಟ್ಯೂಷನ್‌ಗೆ ಹಾಕಿದ್ದಾಯಿತು, ಎರಡೇಟು ಕೊಟ್ಟಿದ್ದೂ ಆಯಿತು. ರಾತ್ರಿ ಊಟಕ್ಕೆ ಕೂತಾಗ ಮೈದುನ ಮಗ್ಗಿ ಕೇಳುತ್ತಾನಂತೆ, ಹುಡುಗಿ ತಟ್ಟೆ ಬಿಟ್ಟು ಏಳುತ್ತಾಳಂತೆ. "ಇವಳ ತಲೆಗೆ ಲೆಕ್ಕ ಹತ್ತೋದೇ ಇಲ್ವಾ?"

ಕಾಗದದ ಕೊನೆಗೆ ಸುಮ್ನೆ ಒಂದು ಮಾತು ಸೇರಿಸಿದ್ದಾರೆ: "ಮೊನ್ನೆ ಟೊಮೆಟೊ ಬಾಕ್ಸ್ 450ಕ್ಕೆ ಹೋಯ್ತು ಅಂತ ಇವರು ಹೇಳಿದರೆ, 'ಕೆಜಿಗೆ ಮೂವತ್ತು ಬಿತ್ತಲ್ಲಪ್ಪ' ಅಂದಳು. ಇಂಥದ್ದಕ್ಕೆಲ್ಲ ಬಾಯಿ ಜಾಸ್ತಿ."

ಅಮ್ಮಾ, ಆ ಸಾಲನ್ನು ಇನ್ನೊಮ್ಮೆ ಓದಿ. ನಿಮ್ಮ ಬಾಕ್ಸಿಗೆ 15 ಕೆಜಿ. ಪೆನ್ನು ಮುಟ್ಟದೆ 450ನ್ನು 15ರಿಂದ ಭಾಗಿಸಿದ್ದಾಳೆ ನಿಮ್ಮ ಮಗಳು! ಹೇಗೆ ಮಾಡಿದೆ ಅಂತ ಕೇಳಿದಿರಾ? ಹದಿನೈದು ಮೂರ್ಲಿ ನಲವತ್ತೈದು, ಆಮೇಲೆ ಒಂದು ಸೊನ್ನೆ ಅಂದುಕೊಂಡಳೋ, ಹತ್ತು ಕೆಜಿಗೆ 300, ಐದಕ್ಕೆ ಅದರರ್ಧ 150 ಅಂತ ಕೂಡಿದಳೋ. ಎರಡೂ ಸರಿ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ತೋಟ, ಹಸು, ಅಡುಗೆ, ಎಷ್ಟು ಅಂತ ನೋಡ್ತೀರಿ? ಸಿಟ್ಟೆಲ್ಲ ಮೈದುನನ ಮೇಲೆ. ಅನ್ನದ ಮುಂದೆ ಕೂತ ಮಗುವನ್ನು "ಹದಿನೇಳೆಂಟ್ಲಿ ಎಷ್ಟು?" ಅನ್ನುವವರನ್ನು ಕಂಡರೆ ನನಗಾಗದು. ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ತಟ್ಟೆ ಮುಂದೆ ಪರೀಕ್ಷೆ ಬೇಡ ಅಂತ. ಹೆದರಿದ ಮಗುವಿಗೆ ಬರೋದೂ ಮರೆತುಹೋಗುತ್ತದೆ. ಅಷ್ಟು ಆಸೆ ಇದ್ದರೆ ಒಂದು ಹಿಡಿ ಹುಣಸೆಬೀಜ ತಂದು ಅವಳ ಜೊತೆ ಅಳಿಗುಳಿ ಮಣೆ ಆಡಲಿ. ಆ ಕಡೆ ಏಳು ಗುಳಿ, ಈ ಕಡೆ ಏಳು. ಎರಡಾಟ ಸೋತು ನೋಡಲಿ.

ನೀವು ಮಾಡಬೇಕಾದ್ದು ಒಂದೇ. ಇನ್ನು ಮೇಲೆ ಮಂಡಿ ಚೀಟಿ ಅವಳ ಕೈಗೆ. ಎಷ್ಟು ಬಾಕ್ಸ್, ಎಷ್ಟಕ್ಕೆ ಹೋಯಿತು, ಗಾಡಿ ಬಾಡಿಗೆ ಕಳೆದು ಉಳಿದಿದ್ದೆಷ್ಟು, ಎಲ್ಲ ಅವಳೇ ಬರೆದಿಡಲಿ. ಅವರಪ್ಪ ಅವಳನ್ನು ಕೇಳಿಯೇ ದುಡ್ಡು ಒಳಗಿಡಲಿ. ತಪ್ಪಿದರೆ ಬೈಯಬೇಡಿ, "ಇದು ಹೇಗೆ ಬಂತಮ್ಮ?" ಅನ್ನಿ. ಹೇಳುತ್ತಾ ಹೇಳುತ್ತಾ ತಪ್ಪನ್ನು ಅವಳೇ ಹಿಡಿಯುತ್ತಾಳೆ.

ಟೊಮೆಟೊ ಇಲ್ಲದ ದಿನಕ್ಕೆ ಹಳೇ ಲೆಕ್ಕ ಇದೆಯಲ್ಲ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ ಬಾಕ್ಸ್ ಎರಡು ಸಾವಿರ ದಾಟಿತ್ತು. 2,100ಕ್ಕೆ ಹೋಗಿದ್ದರೆ ಕೆಜಿಗೆ ಎಷ್ಟು ಬಿತ್ತು ಅಂತ ಅವಳೇ ಚಿಕ್ಕಪ್ಪನನ್ನು ಕೇಳಲಿ. ಊಟ ಆದ ಮೇಲೆ.